ಕಾಫಿ ಆದಮೇಲಿನ ಮೀನು

ಸೋಮವಾರ ಹನ್ನೊಂದೂವರೆಗೆ ಗುನ್ವೋರ್ ಫೋನ್ ಎತ್ತಿಕೊಂಡಾಗ ಅವಳ ಮುಖದಲ್ಲಿದ್ದದ್ದು ಖುಷಿಯೇ. ಸುಳ್ಳು ಯಾಕೆ ಹೇಳಬೇಕು? ಎದುರಿನ ಉಕ್ಕಿನ ಮೇಜಿನ ಮೇಲೆ ಆಗತಾನೇ ಮೂಳೆ ಬಿಡಿಸಿದ ಸಾಲ್ಮನ್ ಹೋಳೊಂದು ಬಿದ್ದಿತ್ತು. ನೋಡಲು ಚೆನ್ನಾಗಿಯೇ ಇತ್ತು. ಬಣ್ಣ ಒಳ್ಳೆಯದು, ಕಪ್ಪು ಚುಕ್ಕೆ ಇಲ್ಲ, ರಕ್ತದ ಕಲೆ ಇಲ್ಲ. ಆದರೆ ಎತ್ತಿಕೊಂಡು ಸ್ವಲ್ಪ ಬಗ್ಗಿಸಿದರೆ ಸಾಕು, ಮಾಂಸದ ಪದರಗಳು ಒಂದನ್ನೊಂದು ಬಿಟ್ಟು, ನಡುವೆ ಹೆಬ್ಬೆರಳು ತೂರುವಷ್ಟು ಸೀಳು. ಇಂಥದ್ದನ್ನು ಪ್ಯಾರಿಸ್ಸಿನವನೂ ಕೊಳ್ಳುವುದಿಲ್ಲ, ಜಪಾನಿನವನೂ ಕೊಳ್ಳುವುದಿಲ್ಲ. ಅರೆದು ಉಂಡೆ ಕಟ್ಟುವುದಕ್ಕೇ ಸರಿ.

ಆ ಕಡೆ ಫೋನ್ ತೆಗೆದವನು ತೋರ್ಲೈಫ್. ಹೊರಬಂಡೆಯ ಸಾಕಣೆಯ ಮುಖ್ಯಸ್ಥ. ಅವನ ಮಾತಿಗಿಂತ ಮೊದಲು ಗಾಳಿಯ ಸದ್ದು ಕೇಳಿಸಿತು.

"ನೂರಕ್ಕೆ ಹದಿನೆಂಟು," ಅಂದಳು ಗುನ್ವೋರ್. ಹೇಗಿದ್ದೀಯ, ಏನ್ ಸಮಾಚಾರ, ಅಂಥದ್ದೇನೂ ಇಲ್ಲ.

"ಏನು ಹದಿನೆಂಟು?"

"ನಿನ್ನ ಮೀನು ಕಣಯ್ಯ. ನೂರು ಹೋಳಲ್ಲಿ ಹದಿನೆಂಟು ಸೀಳು. ಒಳಕೊಲ್ಲಿಯವರದ್ದು ಬರೀ ಎರಡು. ಅದೇ ಸಮುದ್ರ, ಅದೇ ತಿಂಡಿ, ಅದೇ ಹಡಗು. ನಿನ್ನ ಮೀನಿಗೆ ಮಾತ್ರ ಅದೇನು ಬಂದಿದೆಯೋ."

"ನನ್ನ ಮೀನಿಗೆ ಏನೂ ಬಂದಿಲ್ಲ. ನಿನ್ನ ಕಣ್ಣಿಗೆ ಬಂದಿದೆ."

"ಕಣ್ಣಿಗೆ ಬಂದಿದ್ರೆ ಒಳಕೊಲ್ಲಿಯದ್ದೂ ಸೀಳಾಗೇ ಕಾಣ್ಬೇಕಿತ್ತಲ್ಲ. ಶುಕ್ರವಾರ ಎಸ್ಪೆನ್ ಎದುರಿಗೆ ಹೇಳ್ಕೋ ನಿನ್ನ ಪುರಾಣಾನ."

ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು. ಪಕ್ಕದಲ್ಲಿ ಚಾಕು ಹಿಡಿದು ಹೋಳಿನ ಅಂಚು ಸವರುತ್ತಿದ್ದ ದಾನುತೆ ತಲೆ ಎತ್ತದೆ ಕೇಳಿದಳು: "ಊಟ ಆದಷ್ಟು ತೃಪ್ತಿ ಆಯ್ತಾ?" ಈ ದಾನುತೆ ಲಿಥುವೇನಿಯಾದಿಂದ ಒಂದು ಬೇಸಿಗೆಗೆಂದು ಬಂದವಳು, ಹದಿನಾಲ್ಕು ವರ್ಷವಾದರೂ ಹೋಗಿಲ್ಲ. ದ್ವೀಪದಲ್ಲಿ ಗುನ್ವೋರ್‌ಳ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಅವಳೊಬ್ಬಳೇ.

ಗುನ್ವೋರ್ ಗ್ರುನ್ವೈರ್ ದ್ವೀಪದ ಮೀನು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು. ಕತ್ತರಿಸಿದ ಪ್ರತಿ ಕಂತಿನಲ್ಲೂ ನೂರು ಹೋಳು ಎತ್ತಿ, ಬಗ್ಗಿಸಿ, ಬೆಳಕಿಗೆ ಹಿಡಿದು, ಏನು ಕೊರತೆ, ಯಾವ ಸಾಕಣೆಯ ಮೀನು ಎಂದು ಹಾಳೆಯಲ್ಲಿ ಗುರುತು ಹಾಕಬೇಕು. ಹಾಳೆಯಲ್ಲಿ ತಾರೀಖಿಗೆ ಒಂದು ಮನೆ, ಸಾಕಣೆಯ ಹೆಸರಿಗೆ ಒಂದು ಮನೆ, ಕೊರತೆಗೆ ಐದು ಮನೆ. ಇಷ್ಟೇ. ಮೂರು ವರ್ಷದಿಂದ ಆ ಹಾಳೆಗಳು ಒಂದೇ ಮಾತು ಹೇಳುತ್ತಿದ್ದವು. ಒಳಕೊಲ್ಲಿಯ ಮೀನು ಗಟ್ಟಿ, ಹೊರಬಂಡೆಯ ಮೀನು ಸೀಳು.

ಮೊದಲ ವರ್ಷ ತಿಂಡಿ ಬದಲಾಯಿಸಿದರು. ಎರಡನೇ ವರ್ಷ ಮೀನಿನ ವೈದ್ಯರು ಬಂದು ರಕ್ತ ತೆಗೆದುಕೊಂಡು ಹೋದರು, ಏನೂ ಸಿಗಲಿಲ್ಲ. ಈಗ ಕಾರ್ಖಾನೆಗೂ ಅದರ ಸಾಕಣೆಗಳಿಗೂ ಮುಖ್ಯಸ್ಥನಾದ ಎಸ್ಪೆನ್ ಕಡೆಯ ಮಾತು ಹೇಳಿದ್ದ. ಈ ವಾರವೂ ನೂರಕ್ಕೆ ಹತ್ತು ದಾಟಿದರೆ ಶುಕ್ರವಾರ ಒಂದು ಗಂಟೆಗೆ ಸಭೆ, ತೋರ್ಲೈಫ್ ಕೆಲಸದಿಂದ ವಜಾ, ಮೀನು ನೋಡಿಕೊಳ್ಳಲು ಬಾರದವನು ಅಂತ ಕಾಗದದಲ್ಲೇ ಬರೆದು. ಇಲ್ಲವೇ ಗುರುವಾರ ಸಂಜೆ ನಾಲ್ಕರೊಳಗೆ ತಾನೇ ಬಿಡುತ್ತೇನೆಂದು ಸಹಿ ಹಾಕಿದರೆ ಒಳ್ಳೆಯ ಪತ್ರ ಕೊಟ್ಟು ಕಳಿಸುವುದು. ಐವತ್ತೆಂಟು ವಯಸ್ಸಿನ ಆಸಾಮಿ. ಹದಿನೇಳರಿಂದ ಸಮುದ್ರದ ಮೇಲೇ ಇದ್ದಾನೆ. ಈ ಕೆಲಸ ಹೋದರೆ ಇಡೀ ಕರಾವಳಿಯಲ್ಲಿ ಅವನನ್ನು ದೋಣಿ ಹತ್ತಿಸಿಕೊಳ್ಳುವವರು ಯಾರೂ ಇರಲಿಲ್ಲ.

ಹೋಗಲಿ ಅಂತಲೇ ಗುನ್ವೋರ್‌ಳ ಆಸೆ. ಹನ್ನೊಂದು ವರ್ಷದ ಹಿಂದೆ ಅವಳ ತಮ್ಮ ಯೊಸ್ತೈನ್ ಹೊರಬಂಡೆಯಲ್ಲಿ ತೋರ್ಲೈಫನ ಕೈಕೆಳಗೆ ಇದ್ದ. ಒಂದು ಚಳಿಗಾಲ ಸಮುದ್ರದಲ್ಲಿ ಮೀನು ಸಾಕುವ ಬಲೆಯಲ್ಲಿ ತೂತಾಗಿ ನಾಲ್ಕು ಸಾವಿರ ಮೀನು ತಪ್ಪಿಸಿಕೊಂಡವು. ತೂತು ಹೊಲಿಯಬೇಕಾದವನು ಯೊಸ್ತೈನ್, ಹೊಲಿಯಲಿಲ್ಲ ಅಂತ ತೋರ್ಲೈಫ್ ವರದಿ ಬರೆದ. ಹುಡುಗನ ಕೆಲಸ ಹೋಯಿತು. ಅವನೀಗ ಬೋಡೋ ಪಟ್ಟಣದಲ್ಲಿ ಬಸ್ಸು ಓಡಿಸುತ್ತಾನೆ, ಕ್ರಿಸ್ಮಸ್ಸಿಗೂ ಊರ ಕಡೆ ತಲೆ ಹಾಕುವುದಿಲ್ಲ. ಯೊಸ್ತೈನ್ ಎಂಥ ಸೋಮಾರಿ ಅನ್ನುವುದು ಗುನ್ವೋರ್‌ಗೆ ಗೊತ್ತಿಲ್ಲದ್ದೇನಲ್ಲ, ಅವನ ಹರಿದ ಅಂಗಿ ಹೊಲಿದುಕೊಟ್ಟವಳೇ ಅವಳು. ಆದರೆ ಒಡಹುಟ್ಟಿದವನನ್ನು ತಾನು ಬೈಯಬಹುದು, ಪರರು ಕಾಗದದಲ್ಲಿ ಬರೆದು ಬೈದರೆ ಹೊಟ್ಟೆ ಉರಿಯುತ್ತದೆ. ಆ ಉರಿ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಆರಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ತೋರ್ಲೈಫ್ ಕಾರ್ಖಾನೆಯ ಒಳಗೇ ಬಂದ. ನೀಲಿ ಟೋಪಿ, ಬಿಳಿ ಕೋಟು ಹಾಕಿಕೊಂಡು, ಬೂಟು ತೊಳೆದುಕೊಂಡು, ಎಲ್ಲಾ ನಿಯಮದ ಪ್ರಕಾರ. ಸಮುದ್ರದವರು ಕತ್ತರಿಸುವ ಕೋಣೆಗೆ ಕಾಲಿಡುವುದೇ ಅಪರೂಪ. ಬೆಲ್ಟಿನ ಎರಡು ಕಡೆ ನಿಂತವರೆಲ್ಲ ಕೈ ನಿಧಾನ ಮಾಡಿದರು. ಜಗಳ ನೋಡುವುದಕ್ಕೆ ಯಾರಿಗೆ ತಾನೇ ಇಷ್ಟವಿಲ್ಲ.

"ದಾರಿ ತಪ್ಪಿ ಬಂದ್ಯಾ?" ಅಂದಳು ಗುನ್ವೋರ್.

"ನಿನ್ನ ಹಾಳೆ ನೋಡೋಕೆ ಬಂದೆ." ಎತ್ತಿಕೊಂಡು ನೋಡಿದ. ಓದುವುದಕ್ಕೆ ಕನ್ನಡಕ ಬೇಕಿತ್ತು, ತಂದಿರಲಿಲ್ಲ, ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದ. "ಇದ್ರಲ್ಲಿ ಗಂಟೆ ಎಲ್ಲಿದೆ?"

"ಯಾವ ಗಂಟೆ?"

"ಎಷ್ಟು ಗಂಟೆಗೆ ಕತ್ತರಿಸಿದ ಹೋಳು ಅಂತ. ನಾನು ಮೀನಿಗೆ ಉಸಿರಾಡೋ ಗಾಳಿ ಎಷ್ಟು ಕೊಟ್ಟೆ ಅಂತ ಗಂಟೆ ಗಂಟೆಗೂ ಬರೀತೀನಿ. ನೀನು ಮೂರು ವರ್ಷದಿಂದ ನನ್ನ ಹೆಸರು ಬಿಟ್ರೆ ಇನ್ನೇನೂ ಬರ್ದಿಲ್ವಲ್ಲ."

"ಬರ್ದ್ರೆ ಏನಾಗುತ್ತೆ? ಗಂಟೆ ಬರೆದ್ರೆ ಸೀಳು ಕೂಡ್ಕೊಳುತ್ತಾ?"

"ನನ್ನ ಬಲೆ ಬಿಡೋವಾಗ ಮೀನು ಗಟ್ಟಿ ಇರುತ್ತೆ. ಹಡಗಿನವರನ್ನ ಕೇಳು. ಸೀಳೋದು ಇಲ್ಲಿ, ನಿಮ್ಮನೇಲಿ. ಗಂಟೆ ಬರೆಯೋಕೆ ಹೆದರ್ತೀಯ ನೀನು."

"ಹೆದರೋದಾ? ನಿನಗಾ? ತಪ್ಪು ಮಾಡೋದು ನೀನು, ಬರೆಯೋದು ಇನ್ನೊಬ್ಬರ ಮೇಲೆ. ಆ ಚಾಳಿ ನಮ್ಮನೇಗೆ ಚೆನ್ನಾಗಿ ಗೊತ್ತು."

ತೋರ್ಲೈಫನ ಕತ್ತು ಕೆಂಪಾಯಿತು. "ನಿನ್ನ ತಮ್ಮ ಹೊಲೀಲಿಲ್ಲ ಕಣೇ. ಸೂಜಿ ಕೈಗೆ ಕೊಟ್ಟವನು ನಾನೇ. ಸಂಜೆ ಹೋಗಿ ನೋಡಿದ್ರೆ ಸೂಜಿ ಕೊಟ್ಟ ಜಾಗದಲ್ಲೇ ಇತ್ತು. ನಾನು ಕಂಡದ್ದು ಬರೆದೆ. ನೀನೂ ಕಂಡದ್ದು ಬರಿ, ಸಾಕು." ಹಾಳೆಯನ್ನು ಮೇಜಿನ ಮೇಲೆ ಹೊಡೆದ ಹಾಗೆ ಇಟ್ಟು ಹೊರಟುಹೋದ.

ಅವನ ಬಾಯಿ ಮುಚ್ಚಿಸುವುದಕ್ಕೇ ಗುನ್ವೋರ್ ಅವತ್ತು ಗಂಟೆ ಬರೆಸಲು ಶುರುಮಾಡಿದ್ದು, ನ್ಯಾಯ ನೀತಿ ಅಂತೇನೂ ಅಲ್ಲ. ದಾನುತೆ ಹಾಳೆಯ ಖಾಲಿ ಅಂಚಿನಲ್ಲಿ ಒಂದೊಂದು ಹೋಳಿಗೂ ಗೋಡೆಯ ಗಡಿಯಾರ ನೋಡಿ ಹೊತ್ತು ಗೀಚಿದಳು. ಸಂಜೆ ನಾಲ್ಕಕ್ಕೆ ಇಬ್ಬರೂ ಕೂತು ನೋಡಿದರು. ಸೀಳು ಹೋಳುಗಳು ಹೆಚ್ಚುಕಡಿಮೆ ಎಲ್ಲವೂ ಹನ್ನೊಂದರಿಂದ ಹನ್ನೆರಡರ ಒಳಗೆ. ಹನ್ನೆರಡರ ಮೇಲೆ ಬಂದದ್ದೂ ಹೊರಬಂಡೆಯ ಮೀನೇ, ಅದೇ ಬಲೆಯದ್ದೇ. ಅದರಲ್ಲಿ ಸೀಳು ಮೂರೋ ನಾಲ್ಕೋ.

"ಒಂದು ಗಂಟೆ ಮಾತ್ರ ಕಾಯಿಲೆ ಬರೋ ಮೀನು," ಅಂದಳು ದಾನುತೆ. "ಹಳೇ ಹಾಳೆ ತೆಗಿ."

ತೆಗೆದರು. ಗಂಟೆ ಇರಲಿಲ್ಲ, ತಾರೀಖು ಇತ್ತು. ತಾರೀಖಿಗೆ ವಾರ ಹೊಂದಿಸಿ ನೋಡುತ್ತ ಹೋದರೆ, ಮೂರು ವರ್ಷದಲ್ಲೂ ಶುಕ್ರವಾರದ ಸೀಳು ಬೇರೆ ದಿನಕ್ಕಿಂತ ದುಪ್ಪಟ್ಟು.

"ಮೀನಿಗೆ ಶುಕ್ರವಾರ ಅಂತ ಗೊತ್ತಾಗುತ್ತಾ ಗುನ್ವೋರ್?"

ಗುನ್ವೋರ್‌ಳ ತಲೆ ಹಿಂದಕ್ಕೆ ಲೆಕ್ಕ ಹಾಕುತ್ತಿತ್ತು. ಕಾರ್ಖಾನೆಯ ಹಡಗುಕಟ್ಟೆಯ ಪಕ್ಕದಲ್ಲಿ, ಸಮುದ್ರದಲ್ಲೇ, ಎರಡು ಕಾಯುವ ಬಲೆಗಳಿವೆ. ಹಡಗಿನಿಂದ ಇಳಿದ ಮೀನು ಅಲ್ಲಿ ಒಂದು ರಾತ್ರಿ ಸುಧಾರಿಸಿಕೊಳ್ಳುತ್ತದೆ. ಬೆಳಿಗ್ಗೆ ಪಂಪಿನ ಪೈಪು ಎಳೆದು ಒಳಕ್ಕೆ. ಹತ್ತಿರದ ಬಲೆ ಒಳಕೊಲ್ಲಿಯದ್ದು, ದೂರದ್ದು ಹೊರಬಂಡೆಯದ್ದು. ಪೈಪು ಎಳೆಯುವ ಓಡ್ವಾರನಿಗೆ ಬೆಳಿಗ್ಗೆಯೇ ಮೈ ನೋಯಿಸಿಕೊಳ್ಳುವುದು ಬೇಡ, ಹಾಗಾಗಿ ಹತ್ತಿರದ್ದು ಯಾವತ್ತೂ ಮೊದಲು. ಪಂಪಿನಿಂದ ರಕ್ತ ಬಸಿದು, ಹೊಟ್ಟೆ ತೆಗೆದು, ಐಸು ನೀರಿನ ತೊಟ್ಟಿ ದಾಟಿ ಕತ್ತಿಗೆ ಬರಲು ಒಂದೂವರೆ ಗಂಟೆ ಬೇಕು. ಹನ್ನೊಂದರಲ್ಲಿ ಒಂದೂವರೆ ಕಳೆದರೆ ಒಂಬತ್ತೂವರೆ. ಒಂಬತ್ತೂವರೆ ಅಂದರೆ ಕಾಫಿ ಹೊತ್ತು. ಶುಕ್ರವಾರವೆಂದರೆ ಕಾಫಿಯ ಜೊತೆ ವಾಫಲ್, ಕಂದು ಚೀಸು, ಜಾಮು, ಇಪ್ಪತ್ತು ನಿಮಿಷದ ಬಿಡುವು ಮುಕ್ಕಾಲು ಗಂಟೆ ಆಗುವ ದಿನ.

ಬುಧವಾರ ಬೆಳಿಗ್ಗೆ ಅವಳು ಓಡ್ವಾರನಿಗೆ ದೂರದ ಬಲೆ ಮೊದಲು ತೆಗೆ ಅಂದಳು. ಅವನು ಗೊಣಗಿದ. ಮೊಣಕಾಲು ನೋವಿನಿಂದ ಶುರುಮಾಡಿ ಪ್ರಧಾನಮಂತ್ರಿಯ ತನಕ ಎಲ್ಲರನ್ನೂ ಬೈದು, ಎಳೆದ. ಒಂಬತ್ತೂವರೆಗೆ ಗಂಟೆ ಹೊಡೆಯಿತು. ಚಾಕುಗಳು ಕೆಳಗಿಳಿದವು, ಬೆಲ್ಟು ನಿಂತಿತು, ಅರವತ್ತು ಜನ ಕಾಫಿ ಕೋಣೆಗೆ ನುಗ್ಗಿದರು. ಗುನ್ವೋರ್ ಮಾತ್ರ ಕೋಟು ಸುತ್ತಿಕೊಂಡು ಕಟ್ಟೆಗೆ ಹೋದಳು.

ಕಟ್ಟೆಯ ಮೇಲೆ ನರಪಿಳ್ಳೆ ಇರಲಿಲ್ಲ. ಹತ್ತಿರದ ಬಲೆಯ ತಳವನ್ನು ಕ್ರೇನಿನಿಂದ ಮೇಲಕ್ಕೆ ಎತ್ತಿ ಕಟ್ಟಿ ಹೋಗಿದ್ದರು. ದೊಡ್ಡ ಕೋಣೆಯಷ್ಟು ನೀರಿನಲ್ಲಿ ಇರಬೇಕಾದ ಮೀನು, ಒಂದು ಸ್ನಾನದ ತೊಟ್ಟಿಯಷ್ಟು ಜಾಗದಲ್ಲಿ ಒಂದರ ಮೇಲೊಂದು. ನೀರು ಕುದಿಯುವ ಹಾಗೆ ಬೆಳ್ಳಗಾಗಿತ್ತು. ಬಾಲಗಳು ಬಡಿಯುವ ಸದ್ದಿಗೆ ಕಾಫಿ ಕೋಣೆಯ ನಗು ಕೂಡ ಕೇಳಿಸುತ್ತಿರಲಿಲ್ಲ. ಕೆಲವು ಮೀನು ಆಗಲೇ ಸೋತು ಮಗ್ಗುಲಾಗಿದ್ದವು. ಇಪ್ಪತ್ತೈದು ನಿಮಿಷ ಅವಳು ಗಾಳಿಗೆ ಮುಖ ಕೊಟ್ಟು ನಿಂತು ನೋಡಿದಳು. ಸಾಯುವ ಮೊದಲು ಒದ್ದಾಡಿ ಸುಸ್ತಾದ ಮೀನು ಬೇಗ ಸೆಟೆದುಕೊಳ್ಳುತ್ತದೆ, ಸೆಟೆದ ಮಾಂಸಕ್ಕೆ ಕತ್ತಿ ಹಾಕಿದರೆ ಪದರ ಹರಿಯುತ್ತದೆ. ಕಾರ್ಖಾನೆಗೆ ಸೇರಿದ ಪ್ರತಿಯೊಬ್ಬರಿಗೂ ಮೊದಲನೇ ದಿನ ಈ ಪಾಠ ಹೇಳಿಕೊಡುವವಳು ಯಾರು? ಇವಳೇ.

ಓಡ್ವಾರ್ ಬಾಯಿ ಒರೆಸಿಕೊಳ್ಳುತ್ತ ಬಂದ.

"ಬಲೆ ಎತ್ತಿಟ್ಟು ಕಾಫಿಗೆ ಹೋಗು ಅಂತ ನಿಂಗ್ಯಾರು ಹೇಳಿದ್ದು?"

"ನೀನೇ."

"ನಾನಾ?"

"ಮತ್ತಿನ್ಯಾರು? ಶುಕ್ರವಾರ ವಾಫಲ್ ಶುರುವಾಯ್ತಲ್ಲ, ಆ ವರ್ಷ. ಬಂದು ಕೂಗಾಡ್ಲಿಲ್ವಾ? ಬಿಡುವು ಮುಗಿಸಿ ಬಂದ್ರೆ ಕಾಲು ಗಂಟೆ ಬೆಲ್ಟು ಖಾಲಿ ಓಡುತ್ತೆ, ಎಲ್ರೂ ನಿಂತು ನೊಣ ಹೊಡೀತಾರೆ, ನಾವು ಬರೋದ್ರೊಳಗೆ ಮೀನು ಪೈಪಿನ ಬಾಯಲ್ಲಿ ರೆಡಿ ಇರ್ಬೇಕು ಅಂದೆ. ಅವತ್ತಿಂದ ರೆಡಿ ಇಟ್ಟೇ ಹೋಗ್ತೀನಿ. ಒಂದಿನ ತಪ್ಪಿಲ್ಲ." ಹೆಮ್ಮೆಯಿಂದಲೇ ಹೇಳಿದ, ಪಾಪ.

ಹೌದು, ಕೂಗಾಡಿದ್ದಳು. ನಿಂತ ಜಾಗ, ಹಾಕಿದ್ದ ಕೆಂಪು ಕೈಗವಸು, ಎಲ್ಲ ನೆನಪಾಯಿತು.

ಅವತ್ತು ಹನ್ನೊಂದರ ಮೇಲೆ ಒಳಕೊಲ್ಲಿಯ ಮೀನು ಮೇಜಿಗೆ ಬಂತು. ಮೂರು ವರ್ಷದಲ್ಲಿ ಒಮ್ಮೆಯೂ ಹೆಸರು ಕೆಡಿಸಿಕೊಳ್ಳದ ಮೀನು. ನೂರಕ್ಕೆ ಹದಿನೇಳು ಸೀಳು. ಬೆಳಿಗ್ಗೆ ಕತ್ತರಿಸಿದ ಹೊರಬಂಡೆಯದ್ದು ಬರೀ ಒಂದು.

ದಾನುತೆ ಚಾಕು ಕೆಳಗಿಟ್ಟಳು. "ಫೋನ್ ಮಾಡಲ್ವಾ? ದಿನಾ ಈ ಹೊತ್ತಿಗೆ ಕುಣೀತಾ ಮಾಡ್ತೀಯಲ್ಲ."

"ಮಾಡ್ತೀನಿ."

"ಯಾವಾಗ?"

"ಮಾಡ್ತೀನಿ ಅಂದ್ನಲ್ಲ. ನಿನ್ನ ಕೆಲ್ಸ ನೋಡು."

ಮಾಡಲಿಲ್ಲ. ಬುಧವಾರ ಸಂಜೆಯೂ ಇಲ್ಲ, ಗುರುವಾರ ಬೆಳಿಗ್ಗೆಯೂ ಇಲ್ಲ. ಮನಸ್ಸಿಗೆ ಅವಳು ಕೊಟ್ಟುಕೊಂಡ ಸಮಾಧಾನ ಚೆನ್ನಾಗಿತ್ತು. ಶುಕ್ರವಾರ ಸಭೆಯಲ್ಲಿ, ಎಲ್ಲರ ಎದುರಿಗೆ, ಕಾಗದ ಸಮೇತ ಹೇಳುತ್ತೇನೆ, ತಪ್ಪು ನಮ್ಮದು ಅಂತ ನಾನೇ ಒಪ್ಪಿಕೊಳ್ಳುತ್ತೇನೆ, ನೇರ ಹೆಂಗಸು ಅನ್ನಿಸಿಕೊಳ್ಳುತ್ತೇನೆ. ಅಲ್ಲಿಯ ತನಕ ಇನ್ನೆರಡು ದಿನ ಅವನು ಬೆವರಲಿ. ನನ್ನ ತಮ್ಮ ಹನ್ನೊಂದು ವರ್ಷ ಬೆವರಿದ್ದಾನೆ, ಇವನಿಗೆ ಎರಡು ದಿನ ಹೆಚ್ಚಾಯಿತೇ? ಗುರುವಾರ ನಾಲ್ಕು ಗಂಟೆಯ ಗಡುವು ಅವಳಿಗೆ ಮರೆತಿರಲಿಲ್ಲ. ಆದರೆ ತೋರ್ಲೈಫ್ ಸಹಿ ಹಾಕುವ ಆಸಾಮಿಯಲ್ಲ, ಕಲ್ಲಿಗೆ ಹುಟ್ಟಿದ ಮೊಂಡ, ತಾನು ಮಾಡದ ತಪ್ಪಿಗೆ ಸಾಯುವ ತನಕ ಸಹಿ ಹಾಕುವುದಿಲ್ಲ. ಹೀಗೆ ಅವಳು ತೀರ್ಮಾನಿಸಿಕೊಂಡಳು. ಶತ್ರುವಿನ ಮೊಂಡುತನದ ಮೇಲೆ ಇಷ್ಟು ಭರವಸೆ ಇಟ್ಟವರನ್ನು ನಾನು ಕಂಡಿಲ್ಲ.

ಇದರಲ್ಲಿ ಇನ್ನೂ ನಾಚಿಕೆಗೇಡಿನ ಮಾತೊಂದಿದೆ, ಅದನ್ನೂ ಹೇಳಿಬಿಡಬೇಕು. ಬಲೆ ಎತ್ತಬೇಡ ಅಂತ ಓಡ್ವಾರನಿಗೆ ಅವಳು ಹೇಳಲಿಲ್ಲ. ಹೇಳಿದರೆ ಗುರುವಾರವೇ ಸೀಳು ನಿಂತು, ಗುಟ್ಟು ಕಾಫಿ ಕೋಣೆಯಲ್ಲಿ ರಟ್ಟಾಗುತ್ತಿತ್ತು. ಪೈಪು ಮತ್ತೆ ಹಳೇ ಜಾಗಕ್ಕೆ ಹೋಯಿತು. ಗುರುವಾರ ಹನ್ನೊಂದರ ಮೇಲೆ ಹೊರಬಂಡೆಯ ಹತ್ತೊಂಬತ್ತು ಹೋಳುಗಳು ಅವಳ ಕಣ್ಣೆದುರಿಗೇ ಸೀಳಿದವು. ಗೊತ್ತಿದ್ದೂ ತೋರ್ಲೈಫನ ಹೆಸರಿನ ಮನೆಯಲ್ಲಿ ಹತ್ತೊಂಬತ್ತು ಗುರುತು ಹಾಕಿದಳು.

"ನಮ್ಮೂರಲ್ಲಿ ಇಂಥವರಿಗೆ ಒಂದು ಹೆಸರಿದೆ," ಅಂದಳು ದಾನುತೆ.

"ಏನು?"

"ನಿಮ್ಮ ಭಾಷೇಲಿ ಅಷ್ಟು ಕೆಟ್ಟ ಮಾತು ಇಲ್ಲ ಬಿಡು."

"ನಾಳೆ ಹೇಳ್ತೀನಿ ಕಣೇ. ಎಲ್ಲಾರ ಮುಂದೆ."

"ನಾಳೆ ಯಾಕೆ? ಇವತ್ತು ಅವನಿಗೆ ಕಿವಿ ಇಲ್ವಾ? ನಿಂಗೆ ಸತ್ಯ ಹೇಳ್ಬೇಕಾಗಿಲ್ಲ ಗುನ್ವೋರ್. ಸತ್ಯ ಹೇಳ್ದೋಳು ಅನ್ನಿಸ್ಕೋಬೇಕು. ಅದಕ್ಕೆ ಜನ ಬೇಕು, ಕುರ್ಚಿ ಬೇಕು."

ಗುನ್ವೋರ್ ಮುಂದಿನ ಹೋಳು ಎತ್ತಿ ಬೆಳಕಿಗೆ ಹಿಡಿದಳು.

ಶುಕ್ರವಾರ ಒಂದು ಗಂಟೆಗೆ ಕಾಗದಗಳನ್ನು ಜೋಡಿಸಿಕೊಂಡು ಅವಳು ಮಹಡಿಯ ಮೇಲೆ ಎಸ್ಪೆನ್‌ನ ಕೋಣೆಗೆ ಹೋದಳು. ಬಾಗಿಲು ತೆಗೆದವಳಿಗೆ ಮೊದಲು ಕಂಡದ್ದು ಮೇಜಿನ ಮೇಲಿನ ಬೀಗದ ಕೈ ಗೊಂಚಲು. ದೋಣಿಯದ್ದು, ತಿಂಡಿ ಗೋದಾಮಿನದ್ದು, ಹೊರಬಂಡೆಯ ಶೆಡ್ಡಿನದ್ದು. ಅದರ ಪಕ್ಕ ತೋರ್ಲೈಫ್, ತೊಳೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಯಾರದೋ ಸಾವಿಗೆ ಬಂದವನ ಹಾಗೆ ಕೂತಿದ್ದ. ಇನ್ನೊಂದು ಕುರ್ಚಿಯಲ್ಲಿ ಕಾರ್ಮಿಕ ಸಂಘದ ಬೊರ್ಗಿಲ್ಡ್. ಎಸ್ಪೆನ್ ಮಾತ್ರ ಗೆಲುವಾಗಿದ್ದ.

"ಬಾ ಗುನ್ವೋರ್. ಸಭೆ ಏನೂ ಉದ್ದ ಇಲ್ಲ. ತೋರ್ಲೈಫ್ ನಿನ್ನೆ ಮೂರೂವರೆಗೆ ಬಂದು ಸಹಿ ಹಾಕ್ದ. ದೊಡ್ಡ ಮನಸ್ಸು. ಸೋಮವಾರ ಅವನ ಜಾಗಕ್ಕೆ ಹೊಸಬ ಬರ್ತಾನೆ. ನೀನು ಈ ವಾರದ ಹಾಳೆ ಕೊಟ್ರೆ ಫೈಲು ಮುಚ್ಚಿಬಿಡ್ತೀನಿ."

ಗುನ್ವೋರ್ ನಿಂತೇ ಇದ್ದಳು. "ಸಹಿ ಹಾಕ್ದ್ಯಾ?" ಅಂದಳು ತೋರ್ಲೈಫನಿಗೆ. ಬೈದ ಹಾಗೆ ಕೇಳಿಸಿತು. "ನೀನ್ಯಾಕೆ ಸಹಿ ಹಾಕ್ದೆ?"

"ನಿಂಗೇನು? ವಜಾ ಮಾಡಿದ್ರೆ ನನ್ನ ಕೈಕೆಳಗಿನ ನಾಲ್ಕು ಜನಾನೂ ಚದುರಿಸ್ತೀವಿ ಅಂದ್ರು. ನಾನೇ ಹೋದ್ರೆ ಅವರು ಉಳೀತಾರೆ. ಹದಿನೆಂಟೋ ಹತ್ತೊಂಬತ್ತೋ, ಹೇಳಿ ಖುಷಿಪಡು. ಇನ್ಮೇಲೆ ಫೋನ್ ಮಾಡೋ ಕಷ್ಟಾನೂ ಇಲ್ಲ."

ರಿಹರ್ಸಲ್ ಮಾಡಿಕೊಂಡ ಮಾತೆಲ್ಲ ಅವಳ ಬಾಯಲ್ಲೇ ಒಣಗಿಹೋಯಿತು. ಕಾಗದಗಳನ್ನು ಬೀಗದ ಕೈ ಪಕ್ಕದಲ್ಲಿಟ್ಟು, ಅಂಗಡಿಯ ಸಾಮಾನು ಹೇಳುವ ಹಾಗೆ ಒಂದೊಂದೇ ಹೇಳಿದಳು. ಗಂಟೆ ಬರೆದದ್ದು. ಶುಕ್ರವಾರದ ದುಪ್ಪಟ್ಟು. ಎತ್ತಿಟ್ಟ ಬಲೆ. ಪೈಪು ಬದಲಾಯಿಸಿದಾಗ ಒಳಕೊಲ್ಲಿಯ ಮೀನೂ ಸೀಳಿದ್ದು. ಬಲೆ ಎತ್ತಿಡು ಅಂತ ಮೂರು ವರ್ಷದ ಹಿಂದೆ ಓಡ್ವಾರನಿಗೆ ಹೇಳಿದವಳು ತಾನೇ ಅನ್ನುವುದು.

ತೋರ್ಲೈಫ್ ಕಾಗದಗಳನ್ನು ಎತ್ತಿಕೊಂಡ. ಇವತ್ತು ಕನ್ನಡಕ ತಂದಿದ್ದ. ಹಾಕಿಕೊಂಡು, ಬೆರಳಿಟ್ಟು, ಸಾಲು ಸಾಲೇ ಓದಿದ. ಓದಿ ಮುಗಿಸಿದ ಮೇಲೆ ಒಂದೇ ಮಾತು ಕೇಳಿದ.

"ಇದು ನಿಂಗೆ ಯಾವಾಗ ಗೊತ್ತಾಯ್ತು?"

ಬೊರ್ಗಿಲ್ಡ್ ತಟ್ಟನೆ ಮುಂದಕ್ಕೆ ಬಾಗಿದಳು. "ಅದು ಮುಖ್ಯ. ಗುನ್ವೋರ್, ಯೋಚಿಸಿ ಹೇಳು. ಅವನು ಸಹಿ ಹಾಕಿದ್ದು ನಿನ್ನೆ ಮೂರೂವರೆಗೆ. ಅದಕ್ಕಿಂತ ಮೊದ್ಲೇ ಕಾರ್ಖಾನೆಯವರಿಗೆ ಅವನದ್ದು ತಪ್ಪಿಲ್ಲ ಅಂತ ಗೊತ್ತಿತ್ತು ಅಂದ್ರೆ, ಮುಚ್ಚಿಟ್ಟು ಸಹಿ ಹಾಕಿಸ್ಕೊಂಡ ಹಾಗೆ. ಆ ಕಾಗದ ನಿಲ್ಲಲ್ಲ, ನಾನು ನಿಲ್ಲೋಕೆ ಬಿಡಲ್ಲ. ಆಮೇಲೆ ಗೊತ್ತಾಗಿದ್ರೆ ನಾವೇನೂ ಮಾಡೋ ಹಾಗಿಲ್ಲ."

"ಇವತ್ತು ಗೊತ್ತಾಗಿರುತ್ತೆ," ಅಂದ ಎಸ್ಪೆನ್, ಮೆತ್ತಗೆ. "ಅಲ್ವಾ ಗುನ್ವೋರ್? ಲೆಕ್ಕ ಎಲ್ಲ ಕೂಡಿಸಿ ನೋಡಿದ್ದು ಇವತ್ತು ಬೆಳಿಗ್ಗೆ. ಹೊಸಬ ಆಗ್ಲೇ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಹೊರಟಿದ್ದಾನೆ. ಇವತ್ತು ಅಂತ ಬರೆದ್ರೆ ಎಲ್ರಿಗೂ ಸುಲಭ. ತಪ್ಪು ಒಪ್ಪಿಕೊಂಡಿದ್ದೀಯ, ಸೋಮವಾರದಿಂದ ಬಲೆ ಎತ್ತಲ್ಲ, ಅಲ್ಲಿಗೆ ಮುಗೀತು. ಅದಕ್ಕೂ ಮೊದ್ಲೇ ಗೊತ್ತಿತ್ತು, ಗೊತ್ತಿದ್ದೂ ಹಾಳೆಯಲ್ಲಿ ಅವನ ಹೆಸರಿಗೇ ಗುರುತು ಹಾಕ್ದೆ ಅಂತಾದ್ರೆ, ಅಂಥವರ ಕೈಗೆ ಗುಣಮಟ್ಟದ ಹಾಳೆ ಕೊಟ್ಟು ನಾನು ಹೇಗೆ ಕೂತ್ಕೊಳ್ಲಿ, ನೀನೇ ಹೇಳು."

ಅವನು ಬೆದರಿಸಲಿಲ್ಲ. ನಕ್ಕೊಂಡೇ ಹೇಳಿದ. ಅವಳ ಇಪ್ಪತ್ತಾರು ವರ್ಷದ ಕೆಲಸ ಆ ನಗುವಿನಲ್ಲಿ ನೇತಾಡುತ್ತಿತ್ತು. ಇವತ್ತು ಅಂದರೆ ಅವಳು ಉಳಿಯುತ್ತಾಳೆ, ತೋರ್ಲೈಫ್ ಹೋಗುತ್ತಾನೆ. ಎಷ್ಟು ವರ್ಷದಿಂದ ಬೇಡಿಕೊಂಡದ್ದು ಇದೇ ಅಲ್ಲವೇ? ದಾನುತೆ ಬಾಯಿ ಬಿಡಬಹುದು, ಆದರೆ ಹದಿನಾಲ್ಕು ವರ್ಷದ ಪರದೇಶದವಳ ಮಾತನ್ನು ಮಹಡಿಯ ಮೇಲೆ ಯಾರು ಕೇಳುತ್ತಾರೆ? ಗುನ್ವೋರ್ ಇದನ್ನೆಲ್ಲ ಯೋಚಿಸಿದಳು. ಯೋಚಿಸಲಿಲ್ಲ ಅಂದರೆ ಅವಳನ್ನು ಇಲ್ಲದ ದೇವತೆ ಮಾಡಿದ ಹಾಗಾಗುತ್ತದೆ.

ತೋರ್ಲೈಫನ ಮುಖ ನೋಡಿದಳು. ಅಲ್ಲಿ ಬೇಡಿಕೆ ಇರಲಿಲ್ಲ. ಅವಳು ಸುಳ್ಳು ಹೇಳುತ್ತಾಳೆ ಅಂತ ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ. ಇವಳ ಮನೆಯವರೇ ಇಷ್ಟು ಅನ್ನುವ ಹಾಗೆ, ತಿರಸ್ಕಾರದಿಂದ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲೂ ಉರಿ, ಅವನು ಅಂದುಕೊಂಡದ್ದು ಸುಳ್ಳಲ್ಲವಲ್ಲ ಅಂತ ತನ್ನ ಮೇಲೂ ಉರಿ.

ಎಸ್ಪೆನ್‌ನ ಮೇಜಿನ ಮೇಲಿನ ಪೆನ್ನು ಎಳೆದುಕೊಂಡಳು. ಕೊನೆಯ ಹಾಳೆಯ ಕೆಳಗೆ ದೊಡ್ಡದಾಗಿ ಬರೆದಳು: ಬುಧವಾರ, ಹನ್ನೊಂದು ಗಂಟೆ ನಲವತ್ತೈದು ನಿಮಿಷಕ್ಕೆ ನನಗೆ ಗೊತ್ತಾಯಿತು. ಬೇಕೆಂದೇ ಹೇಳಲಿಲ್ಲ. ಗುರುವಾರದ ಹತ್ತೊಂಬತ್ತು ಗುರುತುಗಳನ್ನು ಗೊತ್ತಿದ್ದೂ ಹೊರಬಂಡೆಯ ಹೆಸರಿಗೆ ಹಾಕಿದೆ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಎಸ್ಪೆನ್‌ನ ನಗು ಮುಖದ ಮೇಲೇ ಇತ್ತು, ಆದರೆ ಕಣ್ಣು ಅದರ ಜೊತೆಗಿರಲಿಲ್ಲ. "ಯೋಚಿಸಿ ಬರೆದ್ಯಾ?"

"ಬರೆದಾಯ್ತಲ್ಲ."

ಬೊರ್ಗಿಲ್ಡ್ ಹಾಳೆಯನ್ನು ಅವನ ಕೈಗೆ ಸಿಗುವ ಮೊದಲೇ ಎಳೆದು ತನ್ನ ಚೀಲಕ್ಕೆ ಹಾಕಿಕೊಂಡಳು. "ತೋರ್ಲೈಫ್, ಆ ಬೀಗದ ಕೈ ತಗೋ," ಅಂದಳು. ತೋರ್ಲೈಫ್ ಕೈ ಚಾಚಿ ಗೊಂಚಲು ತೆಗೆದುಕೊಂಡ.

ಮೆಟ್ಟಿಲ ಹತ್ತಿರ ಅವನು ಅವಳನ್ನು ಹಿಂದಿನಿಂದ ಸೇರಿಕೊಂಡ. ಕೆಳಗೆ ಬೆಲ್ಟಿನ ಸದ್ದು, ಚಾಕು ಮಸೆಯುವ ಸದ್ದು. ಇಬ್ಬರೂ ಒಂದು ಮೆಟ್ಟಿಲು ಬಿಟ್ಟು ನಿಂತರು.

"ಬುಧವಾರ ಹನ್ನೊಂದೂ ಮುಕ್ಕಾಲು," ಅಂದ. "ಗುರುವಾರ ಮೂರೂವರೆ ತನಕ ನಾನು ಹೇಗಿದ್ದೆ ಅಂತ ನಿಂಗೆ ಗೊತ್ತಾ? ಮನೇಲಿ ಹೇಳೋಕಾಗದೆ ದೋಣೀಲೇ ಕೂತಿದ್ದೆ."

"ಗೊತ್ತಿಲ್ಲ."

"ಈ ಕಾಗದ ಬರೆದೆ ಅಂತ ನಿನ್ನ ಮೇಲಿನ ಸಿಟ್ಟು ಹೋಗುತ್ತೆ ಅಂದ್ಕೋಬೇಡ."

"ನಂಗೂ ನಿನ್ನ ಮೇಲೆ ಹೋಗಿಲ್ಲ," ಅಂದಳು ಗುನ್ವೋರ್. "ಕೊಂಚಾನೂ ಹೋಗಿಲ್ಲ."

ತೋರ್ಲೈಫ್ ತಲೆ ಆಡಿಸಿದ. ಅಷ್ಟರಮಟ್ಟಿಗಾದರೂ ಇಬ್ಬರಿಗೂ ಒಂದೇ ಅಭಿಪ್ರಾಯ ಇತ್ತು. ಅವನು ಅವಳನ್ನು ದಾಟಿಕೊಂಡು ಕಟ್ಟೆಯ ಕಡೆ ಇಳಿದುಹೋದ. ಅವಳು ಬಿಳಿ ಕೋಟಿನ ಗುಂಡಿಗಳನ್ನು ಹಾಕಿಕೊಳ್ಳುತ್ತ ಕತ್ತರಿಸುವ ಕೋಣೆಗೆ ವಾಪಸು ಹೋದಳು, ಎಸ್ಪೆನ್ ಬಂದು ಆ ಕೋಟು ಬಿಚ್ಚು ಅನ್ನುವ ತನಕ ಅಲ್ಲಿ ಎತ್ತಿ ನೋಡಬೇಕಾದ ಹೋಳುಗಳಿದ್ದವು.